ಕ್ಯಾಮೆರಾ ಬಿತ್ತು, ಒಳಗೆ ಕಟಕಟ ಸದ್ದು ಬರುತ್ತಿದೆ: ನಿಜವಾಗಿ ಏನು ಹಾಳಾಗಿದೆ?

[ದೃಶ್ಯ: ಆಫ್ ಆಗಿರುವ ಮಿರರ್‌ಲೆಸ್ ಕ್ಯಾಮೆರಾವನ್ನು ಮೈಕ್ ಹತ್ತಿರ ಹಿಡಿದು ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸುವುದು. ಸದ್ದು ಸ್ಪಷ್ಟವಾಗಿ ಕೇಳಿಸಬೇಕು.]

ಈ ಸದ್ದು ಕೇಳಿಸ್ತಾ? ಕಟ... ಕಟ... ಇನ್ನೊಮ್ಮೆ ಕೇಳಿ. ಒಳಗೆ ಏನೋ ಕಳಚಿ ಬಿದ್ದಿದೆ ಅನಿಸುತ್ತದೆ ಅಲ್ವಾ? ಈ ಕ್ಯಾಮೆರಾ ಒಮ್ಮೆಯೂ ಕೆಳಗೆ ಬಿದ್ದಿಲ್ಲ. ಪೂರ್ತಿ ಚೆನ್ನಾಗಿದೆ.

ನಮಸ್ಕಾರ. "ಕ್ಯಾಮೆರಾ ಕೈಜಾರಿ ಬಿತ್ತು, ಅಲ್ಲಾಡಿಸಿದರೆ ಒಳಗೆ ಸದ್ದು ಬರುತ್ತೆ, ಏನು ಮುರಿದಿದೆ?" ಅಂತ ತುಂಬಾ ಜನ ಕೇಳುತ್ತೀರಿ. ಎಷ್ಟೋ ಸಲ ಏನೂ ಮುರಿದಿರುವುದಿಲ್ಲ. ಆದರೆ ಸದ್ದೇ ಮಾಡದ, ಹೊರಗಿನಿಂದ ಒಂದು ಗೀರೂ ಇಲ್ಲದ ಕ್ಯಾಮೆರಾಕ್ಕೆ ಒಳಗೆ ದೊಡ್ಡ ಪೆಟ್ಟೇ ಬಿದ್ದಿರಬಹುದು. ಹಾಗಾಗಿ ಕಿವಿಯನ್ನು ಪೂರ್ತಿ ನಂಬಬೇಡಿ. ಫೋಟೋ ತೆಗೆದು ನೋಡಿ. ಹೇಗೆ ನೋಡಬೇಕು ಅನ್ನುವುದೇ ಇವತ್ತಿನ ವಿಷಯ.

ಮೊದಲ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಕ್ಯಾಮೆರಾ ಬಿದ್ದಾಗ ಕಾರ್ಡ್ ಲೈಟ್ ಉರಿಯುತ್ತಿದ್ದರೆ ಅದು ಆರುವವರೆಗೆ ಕಾಯಿರಿ. ಆಮೇಲೆ ಆಫ್ ಮಾಡಿ, ಬ್ಯಾಟರಿ ಮತ್ತು ಕಾರ್ಡ್ ಹೊರಗೆ ತೆಗೆಯಿರಿ. ಕಾರ್ಡ್‌ನಲ್ಲಿರುವ ಫೋಟೋಗಳನ್ನು ಮೊದಲು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಬೇರೆಯವರ ಮನೆ ಮದುವೆಯ ಫೋಟೋಗಳಿದ್ದರಂತೂ ಕ್ಯಾಮೆರಾ ಚಿಂತೆ ಆಮೇಲೆ. ಬ್ಯಾಟರಿ ಉಬ್ಬಿದ್ದರೆ, ನೆಗ್ಗಿದ್ದರೆ, ಬಿಸಿಯಾಗಿದ್ದರೆ ಅದನ್ನು ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ.

ಆನ್ ಆಗುತ್ತಲೇ ಇಲ್ಲವಾ? ಬ್ಯಾಟರಿ ಬಾಗಿಲು ಮತ್ತು ಕಾರ್ಡ್ ಬಾಗಿಲು ನೋಡಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಆ ಬಾಗಿಲ ಸಂದಿಯಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಬಾಗಿಲು ಸರಿಯಾಗಿ ಮುಚ್ಚಿ ಆ ಸ್ವಿಚ್ ಒತ್ತಿದರೆ ಮಾತ್ರ ಕ್ಯಾಮೆರಾ ಎದ್ದೇಳುತ್ತದೆ. ಬಿದ್ದಾಗ ಬಾಗಿಲಿನ ಪ್ಲಾಸ್ಟಿಕ್ ಮೂಗು ಚೂರು ಮುರಿದರೂ ಸಾಕು, ಇಡೀ ಕ್ಯಾಮೆರಾ ಸತ್ತಂತೆ ಕಾಣುತ್ತದೆ. ಅಂಥ ಕಡೆ ಬಾಗಿಲು ಬದಲಾಯಿಸಿದರೆ ಮುಗಿಯಿತು.

[ದೃಶ್ಯ: ಲೆನ್ಸ್ ತೆಗೆದ ಕ್ಯಾಮೆರಾ, ಒಳಗಿನ ಸೆನ್ಸರ್ ಹತ್ತಿರದಿಂದ. ವಾಲಿಸಿದಾಗ ಸೆನ್ಸರ್ ಸರಿದಾಡುವುದು ಕಾಣಲಿ.]

ಈಗ ಆ ಸದ್ದಿಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ.

ಇಲ್ಲಿ ನೋಡಿ. ಬೆಳಕನ್ನು ಫೋಟೋ ಆಗಿಸುವ ಈ ಸೆನ್ಸರ್ ಕ್ಯಾಮೆರಾಕ್ಕೆ ಗಟ್ಟಿಯಾಗಿ ಸ್ಕ್ರೂ ಹಾಕಿ ಕೂರಿಸಿದ ವಸ್ತುವಲ್ಲ. ಅದರ ಸುತ್ತ ಆಯಸ್ಕಾಂತಗಳಿವೆ, ತಂತಿ ಸುರುಳಿಗಳಿವೆ. ಕರೆಂಟ್ ಹರಿದಾಗ ಸುರುಳಿಗಳು ಸೆನ್ಸರನ್ನು ಗಾಳಿಯಲ್ಲಿ ತೇಲಿಸಿದ ಹಾಗೆ ನಡುವೆ ಹಿಡಿದು ನಿಲ್ಲಿಸುತ್ತವೆ. ನಿಮ್ಮ ಕೈ ನಡುಗಿದರೆ ಒಳಗಿನ ಗೈರೋ ಅದನ್ನು ಅಳೆಯುತ್ತದೆ. ಕೈ ಎಡಕ್ಕೆ ಸರಿದರೆ ಸೆನ್ಸರ್ ಅದನ್ನು ಸರಿದೂಗಿಸುವ ಹಾಗೆ ಸರಿಯುತ್ತದೆ. ಅದಕ್ಕೇ ಫೋಟೋ ಅಲುಗುವುದಿಲ್ಲ.

ಚಾರ್ಮಾಡಿ ಘಾಟಿಯಲ್ಲಿ ಬಸ್ ಇಳಿಯುವಾಗ ಕಂಡಕ್ಟರನ್ನು ನೋಡಿದ್ದೀರಾ? ಬಸ್ ಎಡಕ್ಕೆ ವಾಲಿದರೆ ಅವರ ಮೈ ಬಲಕ್ಕೆ ವಾಲುತ್ತದೆ. ಕಂಬಿ ಹಿಡಿಯದೆ ನಿಂತು ಟಿಕೆಟ್ ಕೊಡುತ್ತಾರೆ, ಚಿಲ್ಲರೆ ಎಣಿಸುತ್ತಾರೆ. ಅದೇ ಕಂಡಕ್ಟರ್ ಸೀಟಿನಲ್ಲಿ ಕೂತು ನಿದ್ದೆ ಹೋದರೆ? ಪ್ರತಿ ತಿರುವಿಗೂ ತಲೆ ಆ ಕಡೆ ಈ ಕಡೆ ಹೊರಳುತ್ತದೆ. ಆನ್ ಆಗಿರುವ ಸೆನ್ಸರ್ ಎಚ್ಚರವಾಗಿರುವ ಕಂಡಕ್ಟರ್. ಆಫ್ ಆಗಿರುವ ಸೆನ್ಸರ್ ನಿದ್ದೆ ಮಾಡುತ್ತಿರುವ ಕಂಡಕ್ಟರ್. ನೀವು ಕೇಳಿದ ಕಟಕಟ ಸದ್ದು ಆ ಹೊರಳಾಟದ್ದು.

2003ರಲ್ಲಿ ಮಿನೋಲ್ಟಾ ಡೈಮೇಜ್ ಎ1 ಎಂಬ ಕ್ಯಾಮೆರಾ ಬಂತು. ಲೆನ್ಸ್ ಬದಲು ಸೆನ್ಸರನ್ನೇ ಅಲುಗಾಡಿಸಿ ಕೈನಡುಕ ತಡೆಯುವ ಉಪಾಯ ಅದರಲ್ಲಿತ್ತು. 2012ರಲ್ಲಿ ಒಲಿಂಪಸ್ ಇ-ಎಂ5 ಐದು ಬಗೆಯ ಅಲುಗಾಟವನ್ನು ಸರಿದೂಗಿಸಿ ತೋರಿಸಿತು. ಈಗ ಒಳಗೆ ಕನ್ನಡಿ ಇಲ್ಲದ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇದು ಮಾಮೂಲು. ಬಹಳಷ್ಟು ಲೆನ್ಸ್‌ಗಳ ಒಳಗೂ ಹೀಗೇ ಸರಿದಾಡುವ ಗಾಜು ಇರುತ್ತದೆ. ಆಫ್ ಆದಾಗ ಅದೂ ಸದ್ದು ಮಾಡಬಹುದು. ನಿಕಾನ್ ಜೆಡ್ 9 ಥರದ ಕೆಲವು ಮಾಡೆಲ್‌ಗಳಲ್ಲಿ ಆಫ್ ಮಾಡಿದ ತಕ್ಷಣ ಸೆನ್ಸರ್‌ಗೆ ಒಳಗಿನಿಂದ ಬೀಗ ಬೀಳುತ್ತದೆ. ಅಂಥ ಕ್ಯಾಮೆರಾದ ಬಾಡಿ ಆಫ್ ಆಗಿದ್ದಾಗ ಸದ್ದು ಮಾಡಿದರೂ ಅನುಮಾನ ಪಡಿ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಬೆಲ್ಟ್ ಸಿಕ್ಕಿಸುವ ಲೋಹದ ಬಳೆಗಳನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಎಷ್ಟೋ ಸಲ ಸದ್ದು ಮಾಡುವುದು ಅವೇ. ಆಮೇಲೆ ಆಫ್ ಮಾಡಿ ನಿಧಾನಕ್ಕೆ ವಾಲಿಸಿ. ಜೋರಾಗಿ ಕುಲುಕಬೇಡಿ. ಈಗ ಆನ್ ಮಾಡಿ ಮತ್ತೆ ವಾಲಿಸಿ. ಆನ್ ಮಾಡಿದ ಮೇಲೆ ಸದ್ದು ನಿಂತರೆ ನಿಟ್ಟುಸಿರು ಬಿಡಿ. ಅದು ಸೆನ್ಸರಿನ ಅಥವಾ ಲೆನ್ಸ್ ಗಾಜಿನ ಸದ್ದು. ಆನ್ ಆದ ಮೇಲೂ ಸದ್ದು ಬಂದರೆ ಆಫ್ ಮಾಡಿ ಲೆನ್ಸ್ ಬಿಚ್ಚಿ, ಬಾಡಿ ಬೇರೆ, ಲೆನ್ಸ್ ಬೇರೆ ವಾಲಿಸಿ. ಆನ್ ಇದ್ದಾಗ ಕೇಳಿಸಿದ ಅದೇ ಸದ್ದು ಯಾವುದರಲ್ಲಿದೆಯೋ ಅದರಲ್ಲಿ ಸ್ಕ್ರೂ ಅಥವಾ ಮುರಿದ ಚೂರು ಓಡಾಡುತ್ತಿರಬಹುದು. ಬಾಡಿಯಲ್ಲಿ ಹಾಗಿದ್ದರೆ ಮತ್ತೆ ಕ್ಲಿಕ್ ಮಾಡಬೇಡಿ. ಆ ಚೂರು ಸೆನ್ಸರ್ ಮುಂದಿನ ಪರದೆಯಾದ ಶಟರ್‌ಗೆ ಸಿಕ್ಕಿಕೊಂಡರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ.

[ದೃಶ್ಯ: ಗೋಡೆಗೆ ಅಂಟಿಸಿದ ನ್ಯೂಸ್‌ಪೇಪರ್, ಎದುರಿಗೆ ಟ್ರೈಪಾಡ್ ಮೇಲೆ ಕ್ಯಾಮೆರಾ.]

ಈಗ ಸದ್ದಿಲ್ಲದ ಪೆಟ್ಟು. ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಲೋಹದ ಬಾಯಿಯಿಂದ ಸೆನ್ಸರ್‌ವರೆಗಿನ ದೂರ ಪಕ್ಕಾ ಲೆಕ್ಕದ್ದು. ಒಳಗೆ ಕನ್ನಡಿ ಇರುವ ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ 44 ಮಿಲಿಮೀಟರ್, ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ 46.5, ಸೋನಿ ಮಿರರ್‌ಲೆಸ್‌ನಲ್ಲಿ 18. ಕ್ಯಾಮೆರಾ ಲೆನ್ಸ್ ಮೇಲೆ ಬಿದ್ದರೆ ಆ ಬಾಯಿ, ಅಥವಾ ಲೆನ್ಸ್ ಒಳಗಿನ ಯಾವುದೋ ಒಂದು ಗಾಜು, ಕೂದಲೆಳೆಯಷ್ಟು ವಾಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಫೋಟೋದ ಒಂದು ಬದಿ ಚೂಪಾಗಿ, ಇನ್ನೊಂದು ಬದಿ ಮಸುಕಾಗಿ ಬರುತ್ತದೆ. ಮದುವೆ ಗ್ರೂಪ್ ಫೋಟೋದಲ್ಲಿ ಎಡತುದಿಯಲ್ಲಿ ನಿಂತ ಚಿಕ್ಕಪ್ಪನ ಮುಖ ಮಾತ್ರ ಯಾವಾಗಲೂ ಮಸುಕು ಅಂದರೆ ಕಾರಣ ಇದೇ ಇರಬಹುದು.

ಒಂದು ಪೂರ್ತಿ ಹಾಳೆ ನ್ಯೂಸ್‌ಪೇಪರನ್ನು ಗೋಡೆಗೆ ಸಪಾಟಾಗಿ ಅಂಟಿಸಿ. ನಡುವೆ ಒಂದು ಚಿಕ್ಕ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಯಿರಿ. ಕ್ಯಾಮೆರಾದಲ್ಲಿ ನೋಡಿದಾಗ ನಿಮ್ಮದೇ ಲೆನ್ಸ್ ಕನ್ನಡಿಯಲ್ಲಿ, ಚೌಕಟ್ಟಿನ ಸರಿಯಾಗಿ ಮಧ್ಯದಲ್ಲಿ ಕಾಣಬೇಕು. ಕಂಡರೆ ಕ್ಯಾಮೆರಾ ಗೋಡೆಗೆ ನೇರವಾಗಿ ನಿಂತಿದೆ ಅಂತ ಅರ್ಥ. ಇದಕ್ಕೆ ಯಾವ ದುಬಾರಿ ಉಪಕರಣವೂ ಬೇಡ! ಕನ್ನಡಿ ತೆಗೆಯಿರಿ. ಅಪರ್ಚರ್ ಪೂರ್ತಿ ತೆರೆಯಿರಿ, ಅಂದರೆ ಲೆನ್ಸ್ ಕೊಡುವ ಅತಿ ಚಿಕ್ಕ ಎಫ್ ಸಂಖ್ಯೆ ಇಡಿ. ಡಿಎಸ್‌ಎಲ್‌ಆರ್ ಆದರೆ ಹಿಂದಿನ ಪರದೆಯಲ್ಲಿ ನೋಡುವ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ, ಟೈಮರ್ ಹಾಕಿ ಕ್ಲಿಕ್ ಮಾಡಿ. ಫೋಟೋ ದೊಡ್ಡದು ಮಾಡಿ ನಾಲ್ಕೂ ಮೂಲೆಯ ಅಕ್ಷರ ಓದಿ.

ಎಡಗಡೆ ಸುದ್ದಿ ಮಸುಕಾಗಿದೆ ಅಂತಿಟ್ಟುಕೊಳ್ಳಿ. ಈಗ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಕೂರಿಸಿ, ಕನ್ನಡಿ ಹಿಡಿದು ಮತ್ತೆ ನೇರ ಮಾಡಿಕೊಂಡು ಇನ್ನೊಂದು ಫೋಟೋ ತೆಗೆಯಿರಿ. ಅದೇ ಸುದ್ದಿ ಮತ್ತೆ ಮಸುಕಾದರೆ ಕ್ಯಾಮೆರಾ ಇಟ್ಟ ರೀತಿಯಲ್ಲಿ ತಪ್ಪಿದೆ ಅಥವಾ ಪೇಪರ್ ಸಪಾಟಾಗಿಲ್ಲ. ಈ ಬಾರಿ ಎದುರು ಬದಿಯ ಸುದ್ದಿ ಮಸುಕಾದರೆ, ಮಸುಕು ಕ್ಯಾಮೆರಾ ಜೊತೆಯಲ್ಲೇ ತಿರುಗಿದೆ ಅಂತಾಯಿತು. ಪೆಟ್ಟು ಒಳಗಿದೆ. ಸ್ನೇಹಿತರ ಹತ್ತಿರ ಇನ್ನೊಂದು ಲೆನ್ಸ್ ಇಸಿದುಕೊಂಡು ಅದೇ ಪರೀಕ್ಷೆ ಮಾಡಿ. ಮಸುಕು ಹೋದರೆ ತೊಂದರೆ ಲೆನ್ಸ್‌ನಲ್ಲಿ. ಹೋಗದಿದ್ದರೆ ಬಾಡಿಯಲ್ಲಿ.

ಡಿಎಸ್‌ಎಲ್‌ಆರ್ ಇರುವವರಿಗೆ ಇನ್ನೊಂದು ಮಾತು. ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿದರೆ ಫೋಟೋ ಮಸುಕು, ಲೈವ್ ವ್ಯೂನಲ್ಲಿ ಚೂಪು. ಹೀಗಾದರೆ ಲೆನ್ಸನ್ನು ಬೈಯಬೇಡಿ. ದೊಡ್ಡ ಕನ್ನಡಿಯ ಹಿಂದೆ ಒಂದು ಮರಿ ಕನ್ನಡಿ ಇರುತ್ತದೆ. ಅದು ಬೆಳಕನ್ನು ತಳದಲ್ಲಿರುವ ಫೋಕಸ್ ಸೆನ್ಸರ್‌ಗೆ ಕಳಿಸುತ್ತದೆ. ಬಿದ್ದಾಗ ಅದರ ಕೋನ ಬದಲಾಗಿರುವ ಸಾಧ್ಯತೆ ಹೆಚ್ಚು. ಕನ್ನಡಿಯನ್ನು ಬೆರಳಿನಿಂದ ಮುಟ್ಟಿ ಸರಿಮಾಡಲು ಹೋಗಬೇಡಿ, ಸರ್ವಿಸ್‌ನವರಿಗೆ ಬಿಡಿ.

[ದೃಶ್ಯ: ಉಳಿದ ತೊಂದರೆಗಳು ಒಂದಾದ ಮೇಲೊಂದು ಬೇಗ ಬೇಗ.]

ಸಮಯ ಓಡುತ್ತಿದೆ. ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಕ್ಯಾನನ್‌ನಲ್ಲಿ ಎರರ್ 01 ಬಂದರೆ ಲೆನ್ಸ್ ಮತ್ತು ಬಾಡಿ ನಡುವೆ ಮಾತುಕತೆ ನಿಂತಿದೆ. ಲೆನ್ಸ್ ಬಿಚ್ಚಿ, ಚಿನ್ನದ ಬಣ್ಣದ ಪಿನ್‌ಗಳನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ನೋಡಿ. ಲೆನ್ಸ್ ಮುಂದೆ ಹಾಕಿದ ಯುವಿ ಫಿಲ್ಟರ್ ಗಾಜು ಒಡೆದಿದ್ದರೆ ಲೆನ್ಸ್ ಮುಖವನ್ನು ನೆಲದ ಕಡೆ ಹಿಡಿದು ಚೂರುಗಳನ್ನು ಬೀಳಿಸಿ. ಬಟ್ಟೆಯಲ್ಲಿ ಒರೆಸಿದರೆ ಆ ಚೂರುಗಳೇ ಲೆನ್ಸನ್ನು ಗೀರುತ್ತವೆ. ಪಾಕೆಟ್ ಕ್ಯಾಮೆರಾದ ಲೆನ್ಸ್ ಅರ್ಧಕ್ಕೆ ನಿಂತು "ಲೆನ್ಸ್ ಎರರ್" ಅಂದರೆ, ಕೊಳವೆಯ ಪುಟ್ಟ ಗೂಟ ತನ್ನ ತೋಡು ಬಿಟ್ಟು ಹಾರಿರಬಹುದು. ಬ್ಯಾಟರಿ ತೆಗೆದು ಹಾಕಿ, ಅಂಚಿನಲ್ಲಿ ಮರಳು ಕೂತಿದ್ದರೆ ಬ್ಲೋವರ್‌ನಿಂದ ಊದಿ. ಲೆನ್ಸನ್ನು ಮೇಜಿಗೆ ಕುಟ್ಟಿದರೆ ಸರಿಹೋಗುತ್ತದೆ ಅನ್ನುವ ಸಲಹೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗೂಟ ಮಾತ್ರ ಜಾರಿದ್ದ ಕಡೆ ಹಲ್ಲುಚಕ್ರಗಳೂ ಮುರಿಯುತ್ತವೆ.

ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ, ಅದರಲ್ಲೂ ಫ್ಲ್ಯಾಶ್ ಇರುವ ಕ್ಯಾಮೆರಾವನ್ನು. ಫ್ಲ್ಯಾಶ್‌ನ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ನಿಂತಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಇರುತ್ತದೆ. ಕೈ ತಗುಲಿದರೆ ಜೋರಾದ ಶಾಕ್.

ರಿಪೇರಿಗೆ ಕೊಡುವಾಗ "ಬಿದ್ದಿದೆ" ಅಂತ ಮುಚ್ಚಿಡದೆ ಹೇಳಿ. ಪೇಪರ್ ಪರೀಕ್ಷೆಯ ಫೋಟೋಗಳನ್ನೂ ಒಂದು ಪೆನ್‌ಡ್ರೈವ್‌ನಲ್ಲಿ ಕೊಡಿ. ಎಲ್ಲಿ ಹುಡುಕಬೇಕು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಖರ್ಚಿನ ಅಂದಾಜು ಬರಹದಲ್ಲಿ ತೆಗೆದುಕೊಳ್ಳಿ. ವಾಪಸ್ ಪಡೆಯುವಾಗ ಬಿಲ್ ಕೊಡುವ ಮುಂಚೆ ಅಂಗಡಿಯಲ್ಲೇ ಯಾವುದಾದರೂ ಸಪಾಟು ಗೋಡೆಗೆ ಪೇಪರ್ ಅಂಟಿಸಿ, ಎರಡು ಫೋಟೋ ತೆಗೆದು ಮೂಲೆಗಳನ್ನು ನೋಡಿ.

ನಿಮ್ಮ ಕ್ಯಾಮೆರಾವನ್ನು ಈಗಲೇ ಆಫ್ ಮಾಡಿ ವಾಲಿಸಿ ನೋಡಿ. ಸದ್ದು ಬರುತ್ತಾ, ಆನ್ ಮಾಡಿದರೆ ನಿಲ್ಲುತ್ತಾ? ಮಾಡೆಲ್ ಹೆಸರಿನ ಜೊತೆ ಕಾಮೆಂಟ್‌ನಲ್ಲಿ ಬರೆಯಿರಿ. ಅದೇ ಮಾಡೆಲ್ ಇರುವ ಇನ್ನೊಬ್ಬರಿಗೆ ನಿಮ್ಮ ಉತ್ತರ ಬೇಕಾಗುತ್ತದೆ.