ಸೀಟು ಹಿಡಿಯುವ ಮುನ್ನ ಕಂತಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಸಿಇಟಿ ರ‍್ಯಾಂಕ್ ಬಂದ ಮೇಲೆ ಮನೆಗಳಲ್ಲಿ ನಡೆಯುವ ಮಾತೆಲ್ಲ ವರ್ಷದ ಫೀಸಿನ ಸುತ್ತಲೇ. ಸಾಲ ಮಾಡಿ ಓದಿಸುವವರು ಕೇಳಬೇಕಾದದ್ದು ಬೇರೆ. ಓದು ಮುಗಿದ ಮೇಲೆ ತಿಂಗಳಿಗೆ ಎಷ್ಟು ಕಂತು ಬೀಳುತ್ತದೆ, ಮೊದಲ ಸಂಬಳ ಅದನ್ನು ತಡೆಯುತ್ತದೆಯೇ?

ಖಾಸಗಿ ಇಂಜಿನಿಯರಿಂಗ್ ಕಾಲೇಜಿಗೆ ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದಿರಿ, ಬಡ್ಡಿ ಶೇ 10 ಎಂದುಕೊಳ್ಳಿ. ಓದುವಷ್ಟು ಕಾಲ, ಆಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ. ಕಂತಿಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ, ಎಡವುವುದೇ ಇಲ್ಲಿ. ಮೊದಲ 2 ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿಯೇ 2,80,000 ಆಗಿ, 8 ಲಕ್ಷದ ಸಾಲ 10,80,000ಕ್ಕೆ ಬಂದು ನಿಂತಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 14,270 ರೂಪಾಯಿ ಬೇಕು. ಬಡ್ಡಿಯನ್ನು ಆಗಿಂದಾಗ ಕಟ್ಟುತ್ತ ಬಂದರೆ, ಅಂದರೆ ಮೊದಲ ವರ್ಷ ತಿಂಗಳಿಗೆ 1,670ರಷ್ಟು, ಏರುತ್ತ ಏರುತ್ತ ನಾಲ್ಕನೆಯ ವರ್ಷದಿಂದ 6,670ರಷ್ಟು, ಮುಂದಿನ ಕಂತು 10,570ಕ್ಕೆ ಇಳಿಯುತ್ತದೆ. ಹಾಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ 1 ರಿಯಾಯಿತಿ ಕೊಡುವ ಬ್ಯಾಂಕುಗಳಿವೆ. ನಾವಾಗಿ ಕೇಳದಿದ್ದರೆ ಹೇಳುವವರು ಕಡಿಮೆ. ಮನೆಯ ವಾರ್ಷಿಕ ವರಮಾನ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನದ ಬಗ್ಗೆಯೂ ವಿಚಾರಿಸಿ.

ಇನ್ನು ಸಂಬಳದ ಕಡೆ. ಫ್ಲೆಕ್ಸಿನಲ್ಲಿ ಮಿಂಚುವ ಪ್ಯಾಕೇಜು ಯಾರೋ ಒಬ್ಬರದು. ನಿಮಗೆ ಬೇಕಾದ ಬ್ರಾಂಚಿನಲ್ಲಿ ಕಳೆದ ವರ್ಷ ಎಷ್ಟು ಜನ ಪಾಸಾದರು, ಅವರಲ್ಲಿ ಎಷ್ಟು ಜನ ನಿಜಕ್ಕೂ ಕೆಲಸಕ್ಕೆ ಸೇರಿದರು, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವರಿಗೆ ಎಷ್ಟು ಸಿಕ್ಕಿತು ಎಂದು ಕೇಳಿ. ಒಬ್ಬನಿಗೇ ಮೂರು ಆಫರ್ ಬಂದರೆ ಲೆಕ್ಕದಲ್ಲಿ ಮೂರಾಗುವುದುಂಟು. ಸಿಟಿಸಿ ಅನ್ನುವುದು ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 4 ಲಕ್ಷ ಸಿಟಿಸಿ ಎಂದರೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಯಿಟಿ ಎಲ್ಲ ಅದರೊಳಗೇ. ಕೈಗೆ ಬರುವುದು ತಿಂಗಳಿಗೆ 28 ಸಾವಿರದ ಆಸುಪಾಸು. ಅರ್ಧ ಕಂತಿಗೇ ಹೋದರೆ ಬೆಂಗಳೂರಿನ ಪಿಜಿ ಬಾಡಿಗೆಗೆ ಮನೆಯವರೇ ದುಡ್ಡು ಕಳಿಸಬೇಕಾದೀತು.

ಮಕ್ಕಳು ಇನ್ನೂ ಎಸ್ಸೆಸ್ಸೆಲ್ಸಿಯಲ್ಲಿದ್ದರೆ ಇನ್ನೊಂದು ದಾರಿಯಿದೆ, ಜನ ಸುಮ್ಮನೆ ಮೂಗು ಮುರಿಯುತ್ತಾರೆ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಪಿಯುಸಿ ದಾರಿಯಲ್ಲೂ ಆರು ವರ್ಷ, ಇಲ್ಲೂ ಆರೇ. ದುಬಾರಿ ಫೀಸು ಮಾತ್ರ ಮೂರೇ ವರ್ಷದ್ದು, ಜೊತೆಗೆ ನಡುವೆಯೇ ಕೆಲಸಕ್ಕೆ ಹೋಗುವ ಅರ್ಹತೆಯೂ ಸಿಕ್ಕಿರುತ್ತದೆ. ತೊಡಕಿರುವುದು ಗಣಿತದಲ್ಲಿ. ಮೊದಲ ವರ್ಷದ ಕ್ಯಾಲ್ಕುಲಸ್ ತಪ್ಪಿಹೋಗಿರುವುದರಿಂದ ಮೂರನೆಯ ಸೆಮಿಸ್ಟರಿನಲ್ಲಿ ಹಲವರು ಮುಗ್ಗರಿಸುತ್ತಾರೆ. ಸೇರುವ ಮುಂಚಿನ ರಜೆಯಲ್ಲೇ ಅದನ್ನು ಕೂತು ಕಲಿತುಕೊಳ್ಳಬೇಕು.