ಆವನಿಯ ಸ್ಥಾನವನ್ನು ಆಳಿದ ಯತಿ

ಕೇಳುಗರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿ ಎಂದೊಡನೆ ನಮ್ಮ ಸೀಮೆಯವರಿಗೆ ನೆನಪಾಗುವುದು ವಾಲ್ಮೀಕಿಯ ಆಶ್ರಮ ಮತ್ತು ಲವಕುಶರು ಹುಟ್ಟಿದರೆನ್ನುವ ಬೆಟ್ಟ. ಆ ಸ್ಥಳಪುರಾಣದ ಮರೆಯಲ್ಲಿ ಇತಿಹಾಸದ ಒಬ್ಬ ಶೈವ ಯತಿ ಉಳಿದುಹೋಗಿದ್ದಾನೆ. ಹೆಸರು ತ್ರಿಭುವನಕರ್ತಾರ, ಜನ ಅವನನ್ನು ಕಲಿಯುಗರುದ್ರನೆಂದು ಕೊಂಡಾಡುತ್ತಿದ್ದರು.

961ರಲ್ಲಿ ಅವನು ಕಾಲವಾದುದನ್ನು ತಿಳಿಸುವ ಶಾಸನವು, ಅವನು ಆವನಿಯ ಸ್ಥಾನವನ್ನು 40 ವರ್ಷ ಆಳಿದನೆಂದೂ, ಆ ಅವಧಿಯಲ್ಲಿ 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದೂ ಹೇಳುತ್ತದೆ. ಸನ್ಯಾಸಿಯೊಬ್ಬ 'ಆಳಿದ' ಎಂಬ ಮಾತು ಇಂದಿನ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಆದರೆ ಆ ಕಾಲದ 'ಸ್ಥಾನ'ವೆಂದರೆ ಬರಿಯ ಪೂಜೆಯ ನೆಲೆಯಲ್ಲ. ದತ್ತಿಯಾಗಿ ಬಂದ ಭೂಮಿ, ಅದರ ಹುಟ್ಟುವಳಿ, ಶಿಷ್ಯವರ್ಗ, ಗುಡಿಗಳ ನಿರ್ವಹಣೆ ಎಲ್ಲವೂ ಅದರ ಅಧಿಪತಿಯ ಕೈಯಲ್ಲಿರುತ್ತಿದ್ದವು. ಚಿಕ್ಕಬಳ್ಳಾಪುರದ ಬಳಿಯ ನಂದಿಯಲ್ಲಿಯೂ 9ನೆಯ ಶತಮಾನದ ಆರಂಭದಲ್ಲೇ ಇಂಥ ಸ್ಥಾನವಿತ್ತು. 806ರ ತಾಮ್ರಶಾಸನದಲ್ಲಿ ದತ್ತಿ ಪಡೆದ ಈಶ್ವರದಾಸನು ಅಲ್ಲಿನ ಅಧಿಪತಿ.

40 ವರ್ಷಕ್ಕೆ 50 ಗುಡಿಗಳೆಂದರೆ ವರ್ಷಕ್ಕೊಂದಕ್ಕಿಂತ ಹೆಚ್ಚು. ಅವುಗಳಲ್ಲಿ ಬಹಳಷ್ಟು ಒಂದು ಗರ್ಭಗುಡಿಯ ಚಿಕ್ಕ ಕಟ್ಟಡಗಳೇ ಆಗಿದ್ದಿರಬೇಕು. ನನ್ನನ್ನು ಕೇಳಿದರೆ ಕೆರೆಗಳ ಲೆಕ್ಕವೇ ದೊಡ್ಡದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನೆಲದಲ್ಲಿ ಮಳೆಯ ನೀರನ್ನು ಏರಿ ಹಾಕಿ ನಿಲ್ಲಿಸಿ, ತೂಬಿನಿಂದ ಗದ್ದೆಗೆ ಬಿಟ್ಟರೆ ಮಾತ್ರ ಬತ್ತ. ಬತ್ತವಿದ್ದರೆ ಮಾತ್ರ ದೇವರಿಗೆ ನೈವೇದ್ಯ, ಶಿಷ್ಯರಿಗೆ ಊಟ. ಗುಡಿ ಕಟ್ಟಿದ ಯತಿ ಕೆರೆಯನ್ನೂ ಕಟ್ಟಿಸಿದ್ದು ಪುಣ್ಯಕ್ಕಾಗಿ ಮಾತ್ರವಲ್ಲ.

ಆಗ ಈ ನಾಡು ನೊಳಂಬರೆಂಬ ಅರಸುಮನೆತನದ್ದು. ಆ ಮನೆತನದ ಅರಸ ದಿಲೀಪ ಇರಿವನೊಳಂಬನ ತಾಯಿ ದೀವಬ್ಬರಸಿಯೂ ಆವನಿಯಲ್ಲಿ ನೊಳಂಬನಾರಾಯಣೇಶ್ವರ ಎಂಬ ಗುಡಿಯನ್ನು ಕಟ್ಟಿಸಿದಳು. ಅರಮನೆಯ ಹಣವೂ ಯತಿಯ ದುಡಿಮೆಯೂ ಒಂದೇ ಊರಿನಲ್ಲಿ ಕೂಡಿದ್ದವು. ಆದರೆ ಯತಿ ತೀರಿಕೊಂಡು ಹದಿನೈದು ವರ್ಷ ಕಳೆಯುವುದರೊಳಗೆ ಗಂಗರ ಮಾರಸಿಂಹನು ನೊಳಂಬರನ್ನು ಮುರಿದು 'ನೊಳಂಬಕುಲಾಂತಕ'ನೆನಿಸಿಕೊಂಡನು. ಬಳಿಕ ಚೋಳರು ಬಂದರು.

ಇಂದು ಆವನಿಗೆ ಹೋದರೆ ಶಿಷ್ಯರು ಮಲಗಿದ, ಉಂಡ, ಓದಿದ ಮನೆಗಳು ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಒಂದೇ ಆವರಣದಲ್ಲಿ ನಿಂತ ಕಲ್ಲಿನ ಗುಡಿಗಳು. ರಾಮಲಿಂಗೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ, ಎಲ್ಲಕ್ಕಿಂತ ಕೆತ್ತನೆ ಹೆಚ್ಚಿರುವ ಲಕ್ಷ್ಮಣೇಶ್ವರ: ಹೆಸರುಗಳೆಲ್ಲ ರಾಮಾಯಣದವು, ಒಳಗಿರುವುದೆಲ್ಲ ಶಿವಲಿಂಗ.