ರಾಜೀನಾಮೆ ಪತ್ರವೇ ಅಪರಾಧವಾದ ದಿನ

ನಮಸ್ಕಾರ. ಹಣ ಪಡೆದು ಸದನದಲ್ಲಿ ಪ್ರಶ್ನೆ ಕೇಳುವ ಸಂಸದರನ್ನು ಮನೆಗೆ ಕಳುಹಿಸುವವರು ಯಾರು ಎಂದು ವೀಕ್ಷಕರೊಬ್ಬರು ಕೇಳಿದ್ದರು. ಚುಟುಕಾಗಿ ಹೇಳುವುದಾದರೆ, ಸದನವೇ. ಸಂವಿಧಾನದ 105ನೇ ವಿಧಿ ಸಂಸತ್ತಿಗೂ ಸಂಸದರಿಗೂ ಕೊಟ್ಟಿರುವ ವಿಶೇಷಾಧಿಕಾರದಲ್ಲಿ ಉಚ್ಚಾಟನೆಯೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಎತ್ತಿಹಿಡಿದಿದೆ. ನನ್ನನ್ನು ಕಾಡಿದ್ದು ಈ ಉತ್ತರವಲ್ಲ, ಆ ಅಧಿಕಾರವನ್ನು ಮೊದಲ ಸಲ ಬಳಸಿದ ರೀತಿ.

[ಪರದೆಯ ಮೇಲೆ: 1951, ಮೊದಲ ಮಹಾಚುನಾವಣೆಗೂ ಮುನ್ನಿನ ಹಂಗಾಮಿ ಸಂಸತ್ತು]

ಹಾಗೆ ಮೊದಲು ಕ್ರಮಕ್ಕೆ ಗುರಿಯಾದ ಸಂಸದರ ಪೂರ್ಣ ಹೆಸರು ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್. ಹೆಸರು ಕೇಳಿದೊಡನೆ ಉತ್ತರ ಕರ್ನಾಟಕದವರ ಕಿವಿ ನೆಟ್ಟಗಾಗುತ್ತದೆ ಅಲ್ಲವೇ? ನನ್ನದೂ ಆಗಿತ್ತು. ಇದೇ ಮುದ್ಗಲ್ ಅದಕ್ಕೂ ಮುನ್ನ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಮಾರ್ಕಸ್ ಗಾರ್ವಿಯವರ ಕಪ್ಪುಜನರ ಚಳವಳಿಯ ಪತ್ರಿಕೆ ‘ನೀಗ್ರೋ ವರ್ಲ್ಡ್’ ಸಂಪಾದಕರಾಗಿದ್ದರು ಎಂದು ಓದಿದಾಗ ನಾನು ಈ ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟು ಒಂದಿಡೀ ಸಂಜೆ ಅದರಲ್ಲೇ ಕಳೆದೆ. ಅಂಥ ಬದುಕು ಕಂಡವರು ಕೊನೆಗೆ ಸಿಕ್ಕಿಬಿದ್ದದ್ದು ಮುಂಬಯಿಯ ಚಿನ್ನ-ಬೆಳ್ಳಿ ವರ್ತಕರ ಸಂಘದಿಂದ ಹಣ ಪಡೆದು ಅವರ ಪರವಾಗಿ ಸಂಸತ್ತಿನಲ್ಲಿ ಕೆಲಸ ಮಾಡಿದರೆಂಬ ಆರೋಪದಲ್ಲಿ.

ಜೂನ್ 8ರಂದು ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯಲ್ಲಿ ಐವರ ಸಮಿತಿ ನೇಮಕವಾಯಿತು. ಆರೋಪಿಗೆ ವಕೀಲರ ನೆರವು ಸಿಕ್ಕಿತು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಅವಕಾಶವೂ ಸಿಕ್ಕಿತು. ಸೆಪ್ಟೆಂಬರ್ 24ರಂದು ಉಚ್ಚಾಟನೆಯ ನಿರ್ಣಯವನ್ನು ಮಂಡಿಸಿದವರು ವಿರೋಧ ಪಕ್ಷದವರಲ್ಲ, ಸ್ವತಃ ಪ್ರಧಾನಿ ನೆಹರು. ಮುದ್ಗಲ್ ನೆಹರು ಅವರದೇ ಕಾಂಗ್ರೆಸ್ಸಿನ ಸದಸ್ಯರು. ಮುದ್ಗಲ್ ಎದ್ದು ನಿಂತು ತಮ್ಮ ಸಮರ್ಥನೆ ಹೇಳಿಕೊಂಡರು, ಮಾತು ಮುಗಿಸಿ ರಾಜೀನಾಮೆ ಪತ್ರ ಒಪ್ಪಿಸಿದರು.

ಇಂದಿನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಸದನ ನಿರ್ಣಯವನ್ನೇ ತಿದ್ದಿಕೊಂಡು, ಈ ಸದಸ್ಯರು ಉಚ್ಚಾಟನೆಗೆ ಅರ್ಹರು, ಅಷ್ಟೇ ಅಲ್ಲ, ರಾಜೀನಾಮೆ ಪತ್ರದ ಧಾಟಿಯೇ ಸದನದ ನಿಂದನೆಯಾಗಿದ್ದು ಅಪರಾಧವನ್ನು ಇನ್ನಷ್ಟು ಹೆಚ್ಚಿಸಿದೆ ಎಂದು ದಾಖಲಿಸಿತು. ಹಿಂಬಾಗಿಲಿನಿಂದ ಹೊರಟವರನ್ನು ಕರೆದು ಮುಂಬಾಗಿಲಿನಿಂದಲೇ ಕಳುಹಿಸಿದ ಹಾಗೆ.

ನಮ್ಮ ವಿಧಾನಸಭೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2012ರ ಫೆಬ್ರವರಿಯಲ್ಲಿ, ಕಲಾಪದ ನಡುವೆ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದ ವಿವಾದದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಶಾಸಕ ಸ್ಥಾನಕ್ಕಲ್ಲ, ಮಂತ್ರಿಗಿರಿಗೆ ಮಾತ್ರ. ಅವರಲ್ಲೊಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯಾದರು. ರಾಜೀನಾಮೆ ಎಂಬುದು ಶಿಕ್ಷೆಯಲ್ಲ, ರಜೆ ಚೀಟಿ ಎಂದು ನನಗೆ ಅನಿಸತೊಡಗಿದ್ದು ಆಗ.

ಸಂಸತ್ತು ಕಠಿಣ ಕ್ರಮ ಕೈಗೊಂಡೇ ಇಲ್ಲವೆಂದಲ್ಲ. 2005ರ ಡಿಸೆಂಬರ್ 12ರಂದು ಪ್ರಶ್ನೆ ಕೇಳಲು ಹಣ ಪಡೆಯುವ ಸಂಸದರನ್ನು ಪತ್ರಕರ್ತರು ಸೆರೆಹಿಡಿದ ರಹಸ್ಯ ಕಾರ್ಯಾಚರಣೆಯೊಂದು ಟಿವಿಯಲ್ಲಿ ಪ್ರಸಾರವಾಯಿತು, 23ರಂದು ಹನ್ನೊಂದು ಸಂಸದರು ಉಚ್ಚಾಟಿತರಾದರು. ಪತ್ರಕರ್ತರು ಕೊಟ್ಟಿದ್ದ ಪ್ರಶ್ನೆಗಳಲ್ಲಿ ಒಂದು, ರೈಲ್ವೆಯು ‘ಯೊಸ್ಸಾರಿಯನ್ ಎಲೆಕ್ಟ್ರೋ ಡೀಸೆಲ್’ ಎಂಜಿನ್ ಖರೀದಿಗೆ ಮುಂದಾಗಿದೆಯೇ ಎಂಬುದು. ಯೊಸ್ಸಾರಿಯನ್ ಅಮೆರಿಕದ ಕಾದಂಬರಿಯೊಂದರ ಪಾತ್ರ. ಅಂಥ ಎಂಜಿನ್ ಯಾವ ಹಳಿಯ ಮೇಲೂ ಓಡಿಲ್ಲ. ಹಣ ಎಣಿಸುವ ಭರದಲ್ಲಿ ಪ್ರಶ್ನೆ ಓದಲು ಪುರುಸೊತ್ತು ಸಿಗಲಿಲ್ಲವೇನೋ.

ಆದರೆ ಆ ಹನ್ನೊಂದು ದಿನಗಳ ಅವಸರದಲ್ಲಿ 1951ರ ತಾಳ್ಮೆ ಕಳೆದುಹೋಯಿತು. 2023ರಲ್ಲಿ, ಪ್ರಶ್ನೆಗಾಗಿ ಲಾಭ ಪಡೆದ ಆರೋಪ ಹೊತ್ತ ತೃಣಮೂಲ ಕಾಂಗ್ರೆಸ್ ಸಂಸದೆ ಮಹುವಾ ಮೊಯಿತ್ರಾ ಪ್ರಕರಣದಲ್ಲಿ ಲೋಕಸಭೆಯ ನೀತಿ ಸಮಿತಿಯು ಉಚ್ಚಾಟನೆಯ ಶಿಫಾರಸಿದ್ದ ವರದಿಯನ್ನು ಅಂಗೀಕರಿಸಿದ್ದು 6-4 ಮತಗಳಿಂದ. ಉಚ್ಚಾಟನೆಯ ದಿನ ಸದನದಲ್ಲಿ ಮಾತನಾಡಲು ಅವರಿಗೆ ಅವಕಾಶ ಸಿಗಲಿಲ್ಲ, ಅದಕ್ಕೆ ಪೂರ್ವನಿದರ್ಶನವಾಗಿ ತೋರಿಸಿದ್ದು 2005ರ ಕ್ರಮವನ್ನೇ. ಅವರು ತಪ್ಪಿತಸ್ಥರೋ ಅಲ್ಲವೋ ಎಂಬ ಚರ್ಚೆ ಬೇರೆ. ಆದರೆ ಬಹುಮತವಿದ್ದವರೇ ನ್ಯಾಯಾಧೀಶರಾದಾಗ ತೀರ್ಪು ಸರಿಯಿದ್ದರೂ ಜನ ನಂಬುವುದಿಲ್ಲ.

ಹಾಗಾದರೆ ದಾರಿಯೇನು? ಸಮಯ ಮೀರುತ್ತಿದೆ, ಒಟ್ಟಿಗೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನ ಶಿಸ್ತು ಸಮಿತಿಯಲ್ಲಿ ಸಂಸದರಷ್ಟೇ ಸಂಖ್ಯೆಯ ಹೊರಗಿನ ನಾಗರಿಕರೂ ಕೂರುತ್ತಾರೆ, ನಮ್ಮಲ್ಲೂ ಹಾಗಾಗಬೇಕು. ರಾಜ್ಯಸಭೆಯ ಸದಸ್ಯರು ತಮ್ಮ ಆರ್ಥಿಕ ಹಿತಾಸಕ್ತಿಗಳನ್ನು ಘೋಷಿಸುವ ವಹಿಯೊಂದಿದೆ. ಅದು ಎಲ್ಲ ಸದನಗಳಿಗೂ ಕಡ್ಡಾಯವಾಗಬೇಕು. ಲಂಚ ಪಡೆದು ಮತ ಹಾಕಿದವರಿಗೆ ಮೊಕದ್ದಮೆಯಿಂದ ಪಾರಾಗಲು ವಿಶೇಷಾಧಿಕಾರದ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 4ರಂದು ತೀರ್ಪು ಕೊಟ್ಟಿರುವುದರಿಂದ, ಆ ಒಂದು ಬಾಗಿಲಿಗೆ ಈಗಾಗಲೇ ಬೀಗ ಬಿದ್ದಿದೆ. ಉಳಿದದ್ದು ರಾಜೀನಾಮೆಯ ಬಾಗಿಲು: ಪತ್ರ ಕೈಗೆ ಬಂದ ಮೇಲೂ ವಿಚಾರಣೆ ಮುಗಿಸಿ ತೀರ್ಮಾನವನ್ನು ಕಡತಕ್ಕೆ ಸೇರಿಸುವ ನಿಯಮ ಬರಲಿ. ಮುದ್ಗಲ್ ವಿಷಯದಲ್ಲಿ ಸದನ ಅದನ್ನು ಒಂದೇ ರಾತ್ರಿಯ ಅಂತರದಲ್ಲಿ ಮಾಡಿ ಮುಗಿಸಿತ್ತು.